ನಾಯಿಯ ಚರ್ಮದ ಗಡ್ಡೆ ತೆಗೆಸುವ ಮುನ್ನ: ಸೂಜಿ ಪರೀಕ್ಷೆಯಿಂದ ಹೊಲಿಗೆ ಬಿಚ್ಚುವವರೆಗೆ

ಮೈ ಸವರುವಾಗ ಕೈಗೊಂದು ಗಂಟು ಸಿಕ್ಕಿತೆಂದರೆ ‘ಸಣ್ಣದಿದೆ, ತೆಗೆದುಬಿಡಿ ಡಾಕ್ಟ್ರೇ’ ಎಂದು ಮರುದಿನವೇ ನಾಯಿಯನ್ನು ಕರೆದುಕೊಂಡು ಹೋಗುವವರಿದ್ದಾರೆ. ‘ವಯಸ್ಸಾಯ್ತಲ್ಲ, ಇರಲಿ ಬಿಡಿ’ ಎಂದು ವರ್ಷಗಟ್ಟಲೆ ಸುಮ್ಮನಿರುವವರೂ ಇದ್ದಾರೆ. ಎರಡೂ ತಪ್ಪು. ಗಡ್ಡೆ ಯಾವ ಬಗೆಯದು ಎಂದು ತಿಳಿಯದೆ ಸುತ್ತ ಎಷ್ಟು ಚರ್ಮ ತೆಗೆಯಬೇಕು ಎಂಬುದು ಯಾವ ಸರ್ಜನ್‌ಗೂ ಗೊತ್ತಾಗುವುದಿಲ್ಲ. ಕೆಟ್ಟ ಜಾತಿಯ ಗಡ್ಡೆಗೆ ಮೊದಲ ಆಪರೇಷನ್ನೇ ಒಳ್ಳೆಯ ಅವಕಾಶ. ಅಂಚಿನಲ್ಲಿ ರೋಗ ಉಳಿದರೆ ಎರಡನೇ ಸಲ ಹಳೆಯ ಗಾಯದ ಗೆರೆಯನ್ನೂ ಸೇರಿಸಿ ಇನ್ನಷ್ಟು ಅಗಲಕ್ಕೆ ತೆಗೆಯಬೇಕು. ಆ ಹೊತ್ತಿಗೆ ಎಳೆದು ಮುಚ್ಚಲು ಚರ್ಮವೇ ಸಾಲದೆ ಹೋಗಬಹುದು. ಹಾಗಾಗಿ ಸಿದ್ಧತೆಯ ಮುಕ್ಕಾಲು ಪಾಲು ಆಪರೇಷನ್ ದಿನಕ್ಕಿಂತ ಬಹಳ ಮೊದಲೇ ನಡೆಯಬೇಕು.

ಮೊದಲು ಮೈಯೆಲ್ಲ ಸವರಿ, ಬರೆದಿಡಿ

ನಾಯಿಯನ್ನು ನಿಲ್ಲಿಸಿಕೊಂಡು ಮೂತಿಯಿಂದ ಬಾಲದ ತುದಿಯವರೆಗೆ ಎರಡೂ ಅಂಗೈಯಿಂದ ನಿಧಾನಕ್ಕೆ ಸವರಿ. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಬೆರಳುಗಳ ನಡುವೆ, ಬಾಲದ ಬುಡ, ಗುದದ ಸುತ್ತ, ತುಟಿಯ ಒಳಗೆ ತಪ್ಪದೆ ನೋಡಿ. ಒಂದು ಗಡ್ಡೆ ಇರುವ ನಾಯಿಯಲ್ಲಿ ಇನ್ನೊಂದು ಸಿಗುವುದು ಅಪರೂಪವಲ್ಲ. ಹಾಳೆಯೊಂದರಲ್ಲಿ ಎಡಮೈ, ಬಲಮೈ, ಹೊಟ್ಟೆಯ ಭಾಗ ಎಂದು ಒರಟಾಗಿ ಚಿತ್ರ ಬರೆದು ಪ್ರತಿ ಗಡ್ಡೆಗೂ ಒಂದು ಸಂಖ್ಯೆ ಕೊಡಿ. ಪಕ್ಕದಲ್ಲಿ ದಿನಾಂಕ, ಉದ್ದಗಲ, ಮೆತ್ತಗಿದೆಯೋ ಗಟ್ಟಿಯೋ, ಚರ್ಮದ ಜೊತೆ ಸರಿದಾಡುತ್ತದೆಯೋ ಅಡಿಗೆ ಕಚ್ಚಿಕೊಂಡಿದೆಯೋ, ಮೇಲಿನ ಕೂದಲು ಉದುರಿದೆಯೋ ಎಂಬುದನ್ನು ಬರೆಯಿರಿ. ಫೋಟೊ ತೆಗೆಯುವಾಗ ಪಕ್ಕಕ್ಕೆ ಮಕ್ಕಳ ಸ್ಕೇಲ್ ಹಿಡಿಯಿರಿ. ನಾಣ್ಯ ಇಟ್ಟು ತೆಗೆದ ಫೋಟೊದಿಂದ ಅಳತೆ ಸರಿಯಾಗಿ ತಿಳಿಯುವುದಿಲ್ಲ, ಒಂದು ರೂಪಾಯಿಯ ನಾಣ್ಯವೇ ಬೇರೆ ಬೇರೆ ಗಾತ್ರದಲ್ಲಿ ಬಂದಿದೆ.

ಒಂದು ಸೂಚನೆಯನ್ನು ವಿಶೇಷವಾಗಿ ಗಮನಿಸಿ: ಗಡ್ಡೆ ಒಂದು ದಿನ ಉಬ್ಬಿ ಕೆಂಪಾಗಿ, ಎರಡು ದಿನ ಬಿಟ್ಟು ಇಳಿದು, ಮತ್ತೆ ಉಬ್ಬುತ್ತಿದೆಯೇ? ಮುಟ್ಟಿದ ಮೇಲೆ ಸುತ್ತಲಿನ ಚರ್ಮ ದದ್ದಿನಂತೆ ಏಳುತ್ತದೆಯೇ? ಹಾಗಿದ್ದರೆ ಅದು ಮಾಸ್ಟ್ ಸೆಲ್ (ಅಲರ್ಜಿಯಲ್ಲಿ ಪಾಲ್ಗೊಳ್ಳುವ ಒಂದು ಬಗೆಯ ಕೋಶ) ಗಡ್ಡೆ ಇರಬಹುದು. ನಾಯಿಗಳ ಚರ್ಮದಲ್ಲಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್‌ಗಳಲ್ಲಿ ಇದೊಂದು. ಬಾಕ್ಸರ್, ಪಗ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ತಳಿಗಳಲ್ಲಿ ಹೆಚ್ಚು. ಈ ಕೋಶಗಳ ತುಂಬ ಹಿಸ್ಟಮಿನ್, ಹೆಪಾರಿನ್ ಎಂಬ ರಾಸಾಯನಿಕಗಳು ಇರುತ್ತವೆ. ಹಿಸುಕಿದರೆ ಅವು ಹೊರಬಂದು ಊತ, ವಾಂತಿ, ಹೊಟ್ಟೆಯಲ್ಲಿ ಹುಣ್ಣು, ಡಾಂಬರಿನಂಥ ಕಪ್ಪು ಮಲ ಎಲ್ಲವೂ ಶುರುವಾಗಬಹುದು. ಮನೆಮಂದಿ ಒಬ್ಬೊಬ್ಬರೂ ಗಡ್ಡೆಯನ್ನು ಒತ್ತಿ ನೋಡುವುದು ಅವತ್ತಿಗೇ ನಿಲ್ಲಬೇಕು.

ಬುಡಕ್ಕೆ ದಾರ ಬಿಗಿಯುವುದು, ಸುಣ್ಣ ಹಚ್ಚುವುದು, ಬ್ಲೇಡಿನಲ್ಲಿ ಕೆರೆಯುವುದು ಯಾವುದೂ ಬೇಡ. ದಾರ ಕಟ್ಟಿದ ಗಡ್ಡೆ ಕೊಳೆತು ಕೀವಾಗುತ್ತದೆ, ಬೇರು ಒಳಗೇ ಉಳಿಯುತ್ತದೆ, ಪರೀಕ್ಷೆಗೆ ಕಳಿಸಲು ಮಾದರಿಯೂ ಸಿಗುವುದಿಲ್ಲ.

ಸೂಜಿ ಪರೀಕ್ಷೆ

ಎಫ್‌ಎನ್‌ಎಸಿ ಎಂದು ಕೇಳಿ ಮಾಡಿಸಿ. 22 ಅಥವಾ 23 ಗೇಜಿನ ಮಾಮೂಲಿ ಇಂಜೆಕ್ಷನ್ ಸೂಜಿಯನ್ನು ಗಡ್ಡೆಯೊಳಗೆ ನಾಲ್ಕೈದು ದಿಕ್ಕಿಗೆ ಆಡಿಸಿ, ಒಳಗೆ ಸಿಕ್ಕ ಕೋಶಗಳನ್ನು ಗಾಜಿನ ಸ್ಲೈಡಿನ ಮೇಲೆ ಊದಿ, ಒಣಗಿಸಿ, ಬಣ್ಣ ಹಾಕಿ ನೋಡುತ್ತಾರೆ. ಬಹುತೇಕ ನಾಯಿಗಳಿಗೆ ಮತ್ತಿನ ಔಷಧಿ ಬೇಕಾಗುವುದಿಲ್ಲ. ಕೊಬ್ಬಿನ ಗಡ್ಡೆಯಾದರೆ ಸ್ಲೈಡಿನ ಮೇಲೆ ಎಣ್ಣೆಯ ಹನಿಗಳು ಮಿನುಗುತ್ತವೆ, ಎಷ್ಟು ಹೊತ್ತಾದರೂ ಒಣಗುವುದಿಲ್ಲ. ಮಾಸ್ಟ್ ಸೆಲ್ ಆದರೆ ಸೂಕ್ಷ್ಮದರ್ಶಕದಲ್ಲಿ ಕೋಶದೊಳಗೆಲ್ಲ ನೇರಳೆ ಬಣ್ಣದ ಪುಡಿ ಎರಚಿದಂತೆ ಕಾಣುತ್ತದೆ. ಮುಟ್ಟಿದರೆ ಕೊಬ್ಬಿನ ಗಡ್ಡೆಯಂತೆಯೇ ಇರುವ ಮಾಸ್ಟ್ ಸೆಲ್ ಗಡ್ಡೆಗಳೂ ಉಂಟು. ‘ಕೈಯಲ್ಲಿ ಮುಟ್ಟಿದರೆ ಗೊತ್ತಾಗುತ್ತೆ, ಬರೀ ಕೊಬ್ಬು’ ಎಂಬ ಮಾತನ್ನು ಎಷ್ಟೇ ಅನುಭವಿಗಳು ಹೇಳಿದರೂ ನಂಬಿ ಕೂರಬೇಡಿ.

ಈ ಪರೀಕ್ಷೆಯಿಂದ ಎಷ್ಟೋ ನಾಯಿಗಳಿಗೆ ಆಪರೇಷನ್ನೇ ತಪ್ಪುತ್ತದೆ. ಎಳೆಯ ನಾಯಿಯ ಮೈಮೇಲೆ ಗುಂಡಿಯಂತೆ ಕೆಂಪಗೆ ಏಳುವ ಹಿಸ್ಟಿಯೊಸೈಟೋಮ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಕರಗುತ್ತದೆ. ಬೀಜ ತೆಗೆಸದ ವಯಸ್ಸಾದ ಗಂಡುನಾಯಿಯ ಗುದದ ಸುತ್ತ ಬರುವ ಅಡಿನೋಮ ಎಂಬ ಸೌಮ್ಯ ಗಡ್ಡೆ ಹೆಚ್ಚಾಗಿ ಬೀಜ ತೆಗೆಸಿದರೆ ಕುಗ್ಗುತ್ತದೆ. ನಮ್ಮಲ್ಲಿ ಬೀದಿನಾಯಿಗಳಿಂದ ಹರಡುವ ಟಿವಿಟಿ ಎಂಬ ಗಡ್ಡೆ ಹೆಚ್ಚಾಗಿ ಜನನಾಂಗದಲ್ಲಿ, ಕೆಲವೊಮ್ಮೆ ಮೂಗಿನಲ್ಲಿ ಅಥವಾ ಚರ್ಮದಲ್ಲೂ ಹೂಕೋಸಿನ ಹಾಗೆ ಬೆಳೆಯುತ್ತದೆ. ಅದನ್ನು ಕತ್ತರಿಸಿದರೆ ಮತ್ತೆ ಬರುವುದೇ ಹೆಚ್ಚು. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಹೆಚ್ಚಿನವು ನಾಲ್ಕಾರು ವಾರದಲ್ಲಿ ವಾಸಿಯಾಗುತ್ತವೆ.

‘ಸೂಜಿಯಲ್ಲಿ ಏನೂ ಸಿಗಲಿಲ್ಲ’ ಎಂದರೆ ‘ಏನೂ ಇಲ್ಲ’ ಎಂದಲ್ಲ. ಸಾಫ್ಟ್ ಟಿಶ್ಯೂ ಸಾರ್ಕೋಮದಂಥ (ಮೆದು ಅಂಗಾಂಶದ ಕ್ಯಾನ್ಸರ್) ಗಟ್ಟಿ ಗಡ್ಡೆಗಳು ಕೋಶ ಬಿಟ್ಟುಕೊಡುವುದು ಕಡಿಮೆ. ಆಗ ಪಂಚ್ ಬಯಾಪ್ಸಿ ಮಾಡಿ ಸಣ್ಣ ತುಂಡು ತೆಗೆದು ನೋಡಬೇಕಾಗುತ್ತದೆ. ಸೂಜಿ ಪರೀಕ್ಷೆಗೆ ಮೊದಲು ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಶುರು ಮಾಡಿಸಬೇಡಿ. ಲಿಂಫೋಮ (ದುಗ್ಧಗ್ರಂಥಿಯ ಕ್ಯಾನ್ಸರ್), ಮಾಸ್ಟ್ ಸೆಲ್ ಎರಡೂ ಅದರಿಂದ ತಾತ್ಕಾಲಿಕವಾಗಿ ಕುಗ್ಗಿ ರೋಗಪತ್ತೆ ದಾರಿ ತಪ್ಪುತ್ತದೆ.

ರಕ್ತ, ಸ್ಕ್ಯಾನ್, ಮತ್ತು ಉಣ್ಣೆ ಜ್ವರ

ಸಿಬಿಸಿ (ರಕ್ತಕಣಗಳ ಎಣಿಕೆ), ಕಿಡ್ನಿಗೆ ಕ್ರಿಯಾಟಿನಿನ್, ಯೂರಿಯಾ, ಲಿವರ್‌ಗೆ ಎಎಲ್‌ಟಿ, ಒಟ್ಟು ಪ್ರೊಟೀನ್, ಸಕ್ಕರೆ: ಇಷ್ಟು ಕನಿಷ್ಠ. ಆಪರೇಷನ್‌ಗೆ ಒಂದು ವಾರ ಹತ್ತು ದಿನ ಮೊದಲು ಮಾಡಿಸಿದರೆ, ಏನಾದರೂ ಕಂಡರೆ ಸರಿಪಡಿಸಲು ಸಮಯ ಸಿಗುತ್ತದೆ. ಅದೇ ದಿನ ಬೆಳಗ್ಗೆ ರಕ್ತ ತೆಗೆದು ಅದೇ ದಿನ ಕುಯ್ಯುವ ಪದ್ಧತಿಯಲ್ಲಿ ರಿಪೋರ್ಟ್ ಬರೀ ಫೈಲಿಗೆ ಸೇರುವ ಕಾಗದವಾಗುತ್ತದೆ.

ನಮ್ಮ ಊರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು. ಉಣ್ಣೆ ಹುಳ ಕಚ್ಚಿ ಬರುವ ಎರ್ಲಿಕಿಯಾ ಸೋಂಕು ತಿಂಗಳುಗಟ್ಟಲೆ ಲಕ್ಷಣವಿಲ್ಲದೆ ಕೂತಿರುತ್ತದೆ; ನಾಯಿ ಉಂಡು ಆಡಿಕೊಂಡೇ ಇರುತ್ತದೆ. ಆರೋಗ್ಯವಂತ ನಾಯಿಗೆ ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 2ರಿಂದ 5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. 50 ಸಾವಿರದ ಆಸುಪಾಸಿಗೆ ಇಳಿದರೆ ಕುಯ್ದ ಗಾಯದಿಂದ ರಕ್ತ ಜಿನುಗುತ್ತಲೇ ಇರಬಹುದು. ಮೆಷಿನ್ ಕಡಿಮೆ ತೋರಿಸಿದರೆ ಕೂಡಲೇ ಹೆದರಬೇಡಿ. ಪ್ಲೇಟ್‌ಲೆಟ್‌ಗಳು ಟ್ಯೂಬಿನಲ್ಲಿ ಒಂದಕ್ಕೊಂದು ಅಂಟಿ ಗುಂಪಾದರೂ ಮೆಷಿನ್ ಕಡಿಮೆ ಎಣಿಸುತ್ತದೆ. ‘ಸ್ಲೈಡ್ ಮಾಡಿ ಕಣ್ಣಲ್ಲಿ ನೋಡಿ ಹೇಳಿ’ ಎಂದು ಲ್ಯಾಬಿನವರನ್ನು ಕೇಳಿ. ನಿಜಕ್ಕೂ ಕಡಿಮೆ ಇದ್ದು ಎರ್ಲಿಕಿಯಾ ಖಚಿತವಾದರೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಸಾಧಾರಣ ಗಡ್ಡೆಯಾದರೆ ಅಷ್ಟು ದಿನ ಕಾಯುವುದೇ ಜಾಣತನ. ಕ್ಯಾನ್ಸರ್ ಆದರೆ ಪ್ಲೇಟ್‌ಲೆಟ್ ಏರಿದ್ದನ್ನು ನೋಡಿಕೊಂಡು ಕೋರ್ಸ್ ನಡುವೆಯೇ ದಿನ ಗೊತ್ತು ಮಾಡುವುದುಂಟು.

ಎಕ್ಸ್‌ರೇ, ಸ್ಕ್ಯಾನ್ ಎಲ್ಲಕ್ಕೂ ದುಡ್ಡು ಸಾಲದಿದ್ದರೆ ಗಡ್ಡೆಯ ಬಗೆ ನೋಡಿ ಆರಿಸಿ. ಮಾಸ್ಟ್ ಸೆಲ್ ಶ್ವಾಸಕೋಶಕ್ಕೆ ಹೋಗುವುದು ಅಪರೂಪ. ಅದು ಹತ್ತಿರದ ದುಗ್ಧಗ್ರಂಥಿ, ಗುಲ್ಮ, ಲಿವರ್ ಕಡೆ ಹರಡುತ್ತದೆ. ಹಾಗಾಗಿ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ, ಹತ್ತಿರದ ಗ್ರಂಥಿಗೂ ಸೂಜಿ ಹಾಕಿಸಿ, ಗ್ರಂಥಿ ಊದದಿದ್ದರೂ ಸರಿ. ಸಾರ್ಕೋಮ ಅಥವಾ ಕಾರ್ಸಿನೋಮ (ಚರ್ಮ, ಗ್ರಂಥಿಗಳ ಕೋಶದಲ್ಲಿ ಹುಟ್ಟುವ ಕ್ಯಾನ್ಸರ್) ಎಂದಿದ್ದರೆ ಎದೆಯ ಎಕ್ಸ್‌ರೇ ಮುಖ್ಯ: ಎಡಕ್ಕೆ ಮಲಗಿಸಿ, ಬಲಕ್ಕೆ ಮಲಗಿಸಿ, ಬೆನ್ನ ಮೇಲೆ ಮಲಗಿಸಿ ಮೂರು ಫಿಲ್ಮ್. ಒಂದೇ ಫಿಲ್ಮಿನಲ್ಲಿ ಕೆಳಗಾದ ಶ್ವಾಸಕೋಶ ಒತ್ತಿಕೊಂಡು ಸಣ್ಣ ಕಲೆಗಳು ಮರೆಯಾಗುತ್ತವೆ.

ಸರ್ಜನ್ ಜೊತೆ ಮಾತು

ಮಾಸ್ಟ್ ಸೆಲ್ ಗಡ್ಡೆಗೆ ಸುತ್ತ 2 ಸೆಂ.ಮೀ. ಒಳ್ಳೆಯ ಚರ್ಮ, ಅಡಿಯಲ್ಲಿ ಒಂದು ಪದರ ಫೇಸಿಯಾ (ಸ್ನಾಯುವಿನ ಮೇಲಿನ ಗಟ್ಟಿ ಪೊರೆ) ಸೇರಿಸಿ ತೆಗೆಯುವುದು ರೂಢಿ. ಲೆಕ್ಕ ಹಾಕಿ ನೋಡಿ: ಗಡ್ಡೆ 1 ಸೆಂ.ಮೀ., ಎರಡೂ ಕಡೆ 2 ಸೆಂ.ಮೀ., ಒಟ್ಟು 5 ಸೆಂ.ಮೀ. ಅಗಲದ ವೃತ್ತ. ವೃತ್ತವನ್ನು ಹಾಗೇ ಹೊಲಿದರೆ ಎರಡು ತುದಿಯಲ್ಲೂ ಚರ್ಮ ಮಡಿಕೆ ಬಿದ್ದು ಎದ್ದು ನಿಲ್ಲುತ್ತದೆ. ಅದಕ್ಕೇ ಅಗಲದ ಮೂರು ಪಟ್ಟು ಉದ್ದದ ದೋಣಿಯಾಕಾರ ಕುಯ್ಯುತ್ತಾರೆ, ಅಂದರೆ ಸುಮಾರು 15 ಸೆಂ.ಮೀ. ಹೊಲಿಗೆ. ಕಡಲೆಕಾಳಿನಷ್ಟಿದ್ದ ಗಂಟಿಗೆ ಗೇಣುದ್ದದ ಗಾಯ ನೋಡಿ ಸಿಟ್ಟಾಗುವ ಮೊದಲು ಈ ಲೆಕ್ಕ ನೆನಪಿರಲಿ. ಸಣ್ಣ, ಸೌಮ್ಯ ಜಾತಿಯ ಮಾಸ್ಟ್ ಸೆಲ್ ಆದರೆ ಗಡ್ಡೆಯ ಅಗಲದಷ್ಟೇ ಅಂಚು ಬಿಟ್ಟು ತೆಗೆಯುವ ಸರ್ಜನ್‌ಗಳೂ ಇದ್ದಾರೆ. ಯಾವ ಲೆಕ್ಕದಲ್ಲಿ ತೆಗೆಯುತ್ತೀರಿ ಎಂದು ಕೇಳುವುದು ನಿಮ್ಮ ಹಕ್ಕು.

ಬೆನ್ನು, ಪಕ್ಕೆಯಲ್ಲಿ ಚರ್ಮ ಧಾರಾಳ. ಮೊಣಕಾಲಿನ ಕೆಳಗೆ, ಬೆರಳಿನಲ್ಲಿ, ರೆಪ್ಪೆಯ ಬಳಿ ಇಲ್ಲ. ಅಲ್ಲಿ ಪಕ್ಕದ ಚರ್ಮ ತಿರುಗಿಸಿ ಮುಚ್ಚಬೇಕಾಗುತ್ತದೆ. ಬೆರಳಿನ ಗಡ್ಡೆಗೆ ಬೆರಳನ್ನೇ ತೆಗೆಯಬೇಕಾಗಬಹುದು. ಗಾಯ ಮುಚ್ಚಲು ಚರ್ಮ ಸಾಲದಿದ್ದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕಾಣಿ.

ಅರಿವಳಿಕೆಯ ಬಗ್ಗೆ ಮೂರು ವಿಷಯ ಕೇಳಿ. ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಐಸೊಫ್ಲುರೇನ್ ಗ್ಯಾಸ್ ಕೊಡುತ್ತೀರಾ? ಸರ್ಜನ್ ಕುಯ್ಯುವಾಗ ನಾಡಿ, ಉಸಿರು, ಆಮ್ಲಜನಕ ನೋಡಿಕೊಳ್ಳಲು ಬೇರೊಬ್ಬರಿದ್ದಾರಾ? ಮೈ ಬೆಚ್ಚಗಿಡಲು ಏನು ವ್ಯವಸ್ಥೆ? ಜೈಲಜೀನ್–ಕೆಟಮೀನ್ ಇಂಜೆಕ್ಷನ್ನಿನಲ್ಲೇ ಆಪರೇಷನ್ ಮಾಡುವ ಕ್ಲಿನಿಕ್‌ಗಳು ಬಹಳ. ಗಟ್ಟಿಮುಟ್ಟಾದ ಎಳೆಯ ನಾಯಿಯ ಹತ್ತು ಹದಿನೈದು ನಿಮಿಷದ ಕೆಲಸಕ್ಕೆ ಅದು ನಡೆಯುತ್ತದೆ. ಹತ್ತು ವರ್ಷದ ನಾಯಿಯ ಒಂದು ಗಂಟೆಯ ಆಪರೇಷನ್‌ಗೆ ಗ್ಯಾಸ್ ಇರುವಲ್ಲಿಗೇ ಹೋಗುವುದು ಮೇಲು. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಮೊದಲೇ ಫೋನ್ ಮಾಡಿ ದಿನ ಮತ್ತು ಸೌಲಭ್ಯ ವಿಚಾರಿಸಿಕೊಳ್ಳಿ.

ತಳಿಯನ್ನು ಮುಚ್ಚಿಡಬೇಡಿ, ಬೆರಕೆಯಾದರೂ ಹೇಳಿ. ಮುಧೋಳ, ಗ್ರೇಹೌಂಡ್‌ನಂಥ ಸಪೂರ ಬೇಟೆನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಥಯೊಪೆಂಟೋನ್ ಎಂಬ ಅರಿವಳಿಕೆ ಇಂಜೆಕ್ಷನ್ ಕೊಟ್ಟರೆ ಇಂಥವು ಎಚ್ಚರಗೊಳ್ಳಲು ತುಂಬ ಹೊತ್ತು ಹಿಡಿಯಬಹುದು, ಮೈಯೂ ಬೇಗ ತಣ್ಣಗಾಗುತ್ತದೆ. ಪಗ್, ಬುಲ್‌ಡಾಗ್, ಶಿಟ್ಜುಗಳಿಗೆ ಟ್ಯೂಬ್ ತೆಗೆದ ಮೇಲಿನ ಅರ್ಧ ಗಂಟೆಯೇ ಅಪಾಯದ್ದು. ಬಾಕ್ಸರ್‌ಗೆ ಎಸಿಪ್ರೊಮಜೀನ್ ಎಂಬ ಮತ್ತಿನ ಔಷಧಿ ಕೊಟ್ಟರೆ ರಕ್ತದೊತ್ತಡ ಕುಸಿಯುವ ಸಂಭವವಿದೆ.

ಔಷಧಿಗಳ ಪಟ್ಟಿ

ಕಳೆದ ಒಂದು ತಿಂಗಳಲ್ಲಿ ಕೊಟ್ಟದ್ದನ್ನೆಲ್ಲ ಬರೆಯಿರಿ: ನೋವಿನ ಮಾತ್ರೆ, ತುರಿಕೆಯ ಇಂಜೆಕ್ಷನ್, ಮೀನೆಣ್ಣೆ, ಆಯುರ್ವೇದದ ಸಿರಪ್, ಎಲ್ಲ. ಸ್ಟೀರಾಯ್ಡ್ ನಡೆಯುತ್ತಿರುವಾಗ ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್‌ನಂಥ ನೋವಿನ ಔಷಧಿ ಸೇರಿದರೆ ಜಠರದಲ್ಲಿ ಹುಣ್ಣಾಗಬಹುದು. ಎರಡರ ನಡುವೆ ಕೆಲವು ದಿನಗಳ ಅಂತರ ಬೇಕು. ಸ್ಟೀರಾಯ್ಡನ್ನು ನೀವಾಗಿ ಥಟ್ಟನೆ ನಿಲ್ಲಿಸಲೂಬಾರದು. ಮನುಷ್ಯರ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಕಿಡ್ನಿ, ಹೊಟ್ಟೆ ಎರಡನ್ನೂ ಹಾಳುಮಾಡುತ್ತವೆ, ಒಂದೇ ಮಾತ್ರೆ ಕೊಟ್ಟಿದ್ದರೂ ಹೇಳಿಬಿಡಿ.

ಮಾಸ್ಟ್ ಸೆಲ್ ಎಂದು ತಿಳಿದಿದ್ದರೆ ಆಪರೇಷನ್‌ಗೆ ಮೊದಲು ಹಿಸ್ಟಮಿನ್ ತಡೆಯುವ ಔಷಧಿ, ಜೊತೆಗೆ ಆಮ್ಲ ಇಳಿಸಲು ಫ್ಯಾಮೊಟಿಡಿನ್ ಅಥವಾ ಒಮೆಪ್ರಜೋಲ್ ಬರೆಯುತ್ತಾರೆ. ಮರೆತಂತೆ ಕಂಡರೆ ನೀವೇ ನೆನಪಿಸಿ. ಆದರೆ ಮನೆಯಲ್ಲಿರುವ ನೆಗಡಿ ಮಾತ್ರೆಯನ್ನು ಬದಲಿಗೆ ನುಂಗಿಸಬೇಡಿ. ಅದರಲ್ಲಿ ಪ್ಯಾರಾಸಿಟಮಾಲ್, ಮೂಗು ಕಟ್ಟಿದ್ದನ್ನು ಬಿಡಿಸುವ ಔಷಧಿ ಸೇರಿರುತ್ತವೆ, ನಾಯಿಗೆ ಅವು ವಿಷ.

ಮನೆಯ ಏರ್ಪಾಡು

ಕತ್ತಿನ ಕೋನ್ ಒಂದು ವಾರ ಮೊದಲೇ ಕೊಳ್ಳಿ. ಕಾಲರ್ ಇರುವ ಜಾಗದಿಂದ ಮೂಗಿನ ತುದಿಯವರೆಗೆ ಟೇಪಿನಲ್ಲಿ ಅಳೆದು 3 ಸೆಂ.ಮೀ. ಸೇರಿಸಿ, ಅಷ್ಟು ಆಳದ್ದು ಬೇಕು. ಕತ್ತಿನ ಬಳಿ ಎರಡು ಬೆರಳು ನುಸುಳುವಷ್ಟು ಸಡಿಲ. ಚಿಕ್ಕದಾದರೆ ನಾಯಿ ಕತ್ತು ಬಾಗಿಸಿ ಅಂಚಿನಾಚೆ ನಾಲಿಗೆ ಚಾಚುತ್ತದೆ, ಹೊಲಿಗೆ ಒಂದೇ ರಾತ್ರಿಯಲ್ಲಿ ಹೋಗುತ್ತದೆ. ದಿನಕ್ಕೆರಡು ಸಲ ಕೋನ್ ಹಾಕಿಯೇ ಊಟ ಕೊಟ್ಟು ಅಭ್ಯಾಸ ಮಾಡಿಸಿ. ತಟ್ಟೆಯನ್ನು ಇಟ್ಟಿಗೆಯ ಮೇಲೆ ಇಟ್ಟರೆ ಬಾಯಿಗೆ ಸಿಗುತ್ತದೆ. ಟೈಲ್ಸ್, ಗ್ರಾನೈಟ್ ನೆಲದಲ್ಲಿ ಮತ್ತಿನ ನಾಯಿ ಜಾರಿ ಕಾಲು ಅಗಲಿಸುತ್ತದೆ, ಮಲಗುವ ಜಾಗದಿಂದ ಬಾಗಿಲವರೆಗೆ ರಬ್ಬರ್ ಮ್ಯಾಟ್ ಹಾಸಿ.

ಹೊರಗೆ ಅಥವಾ ಮಹಡಿಯಲ್ಲಿ ಕಟ್ಟುವ ನಾಯಿಯಾದರೆ ಹೊಲಿಗೆ ಬಿಚ್ಚುವವರೆಗೆ ಒಳಗೇ ಇರಲಿ. ಕಾರಣ ನೊಣ. ಒದ್ದೆಯಾದ ಗಾಯದ ಮೇಲೆ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಬೀಳಬಹುದು. ಫ್ಯಾನ್ ಹಾಕಿ, ಸೊಳ್ಳೆಪರದೆ ಕಟ್ಟಿ, ಗಾಯ ಒಣಗಿರುವಂತೆ ನೋಡಿಕೊಳ್ಳಿ. ಹುಳ ಕಂಡರೆ ಸೀಮೆಎಣ್ಣೆ, ಫಿನೈಲ್ ಸುರಿಯದೆ ಆಸ್ಪತ್ರೆಗೆ ಹೋಗಿ.

ಉಣ್ಣೆಯ ಔಷಧಿ ಒಂದು ವಾರ ಮೊದಲೇ ಮುಗಿಯಲಿ. ಸ್ನಾನ ಹಿಂದಿನ ದಿನವೋ ಅದಕ್ಕೂ ಮೊದಲೋ ಆಗಲಿ, ಆಮೇಲೆ ಎರಡು ವಾರ ನೀರು ಮುಟ್ಟಿಸುವಂತಿಲ್ಲ. ಅವಸರವಿಲ್ಲದ ಗಡ್ಡೆಯಾದರೆ ದೀಪಾವಳಿಯ ವಾರ ಬಿಟ್ಟು ದಿನ ಹಿಡಿಯಿರಿ. ಪಟಾಕಿಗೆ ಬೆದರಿ ಹಾರಿದ ನಾಯಿಯ ಹೊಲಿಗೆ ಬಿಚ್ಚುವ ಭಯವಿದೆ. ಮಾಸ್ಟ್ ಸೆಲ್‌ಗೆ ಹಬ್ಬದ ನೆಪ ಬೇಡ.

ಹಿಂದಿನ ರಾತ್ರಿ, ಆ ಬೆಳಗ್ಗೆ

ಮತ್ತಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಉಪವಾಸ ಅದಕ್ಕಾಗಿ. ದೊಡ್ಡ ನಾಯಿಗೆ ಸಾಮಾನ್ಯವಾಗಿ 6ರಿಂದ 8 ಗಂಟೆ ಸಾಕು. ಬೆಳಗ್ಗೆ 9–10ಕ್ಕೆ ಆಪರೇಷನ್ ಇದ್ದರೆ ರಾತ್ರಿ ಹಗುರ ಊಟ ಕೊಟ್ಟು ಮಧ್ಯರಾತ್ರಿಯ ನಂತರ ತಿನ್ನಲು ಏನೂ ಕೊಡಬೇಡಿ. ಮೂಳೆಯನ್ನು ಹಿಂದಿನ ದಿನವೇ ನಿಲ್ಲಿಸಿ. ಮನೆಯಿಂದ ಹೊರಡುವವರೆಗೂ ನೀರು ಇರಲಿ. ತೀರಾ ಸಣ್ಣ ನಾಯಿ, ಮರಿ, ಸಕ್ಕರೆ ಕಾಯಿಲೆಯ ನಾಯಿಗಳ ಲೆಕ್ಕ ಬೇರೆ. ಇನ್ಸುಲಿನ್ ಎಷ್ಟು ಕೊಡಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಉಪವಾಸ ಮುರಿಯುವುದು ಸಾಮಾನ್ಯವಾಗಿ ಅಜ್ಜಿ ಕೊಡುವ ಬಿಸ್ಕತ್ತಿನಿಂದ ಅಥವಾ ಬೆಳಗಿನ ದೋಸೆಯ ತುಂಡಿನಿಂದ. ಮನೆಯವರಿಗೆಲ್ಲ ಹೇಳಿ, ಫ್ರಿಜ್ ಮೇಲೆ ಚೀಟಿ ಅಂಟಿಸಿ. ತಿಂದಿದ್ದರೆ ಎಷ್ಟು ಗಂಟೆಗೆ ಏನು ತಿಂದಿತು ಎಂದು ನಿಜ ಹೇಳಿ, ಆಪರೇಷನ್ ಮುಂದಕ್ಕೆ ಹೋದರೂ ಚಿಂತೆಯಿಲ್ಲ.

ಬೆಳಗ್ಗೆ ಹಗ್ಗ ಬಿಡದೆ ಸುತ್ತಾಡಿಸಿ ಮಲಮೂತ್ರ ಮುಗಿಸಿ. ಹೊರಡುವ ಮೊದಲು ಪರ್ಮನೆಂಟ್ ಮಾರ್ಕರಿನಿಂದ ಗಡ್ಡೆಯ ಸುತ್ತ ಗೆರೆ ಎಳೆಯಿರಿ. ದಟ್ಟ ಕೂದಲಿದ್ದರೆ ಮೇಲಿನ ಕೂದಲನ್ನು ಸ್ವಲ್ಪ ಕತ್ತರಿಸಿ ಗುರುತು ಮಾಡಿ. ಇದು ಅತಿಯಾಯಿತು ಅನ್ನಿಸಬಹುದು. ಆದರೆ ನಿಂತಾಗ ಪಕ್ಕೆಯಲ್ಲಿದ್ದ ಗಡ್ಡೆ ಮಲಗಿಸಿದಾಗ ಚರ್ಮದೊಡನೆ ಜಾರಿ ನಾಲ್ಕು ಬೆರಳು ಆಚೆ ಇರುತ್ತದೆ, ಬಟಾಣಿಯಷ್ಟಿದ್ದರೆ ಹುಡುಕಲು ಸಿಗುವುದೂ ಕಷ್ಟ. ಐದಾರು ಗಡ್ಡೆ ಇರುವ ನಾಯಿಯಲ್ಲಿ ಬೇಕಾದ್ದು ಉಳಿದು ಬೇರೆಯದು ಹೋಗುತ್ತದೆ. ನೀವು ಬರೆದ ಚಿತ್ರವನ್ನೂ ಸರ್ಜನ್ ಕೈಗೆ ಕೊಟ್ಟು, ಗುರುತು ತೋರಿಸಿ, ಅಲ್ಲೇ ತೂಕ ಹಾಕಿಸಿ. ಒಪ್ಪಿಗೆ ಪತ್ರ ಓದಿ ಸಹಿ ಮಾಡಿ. ಫೋನ್ ಸೈಲೆಂಟ್‌ನಲ್ಲಿ ಇಡಬೇಡಿ.

ತೆಗೆದ ಗಡ್ಡೆ ಕಸದ ಬುಟ್ಟಿಗಲ್ಲ

ಹಿಸ್ಟೊಪೆಥಾಲಜಿ (ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮಾಡಿಸುವ ಮಾತನ್ನು ಮೊದಲೇ ಆಡಿಕೊಳ್ಳಿ. ಇಡೀ ಗಡ್ಡೆ 10 ಪರ್ಸೆಂಟ್ ಬಫರ್ಡ್ ಫಾರ್ಮಲಿನ್‌ಗೆ ಹೋಗಬೇಕು, ತುಂಡಿನ ಹತ್ತು ಪಟ್ಟು ದ್ರಾವಣ. ಸ್ಪಿರಿಟ್, ಸಲೈನ್, ಫ್ರೀಜರ್ ಯಾವುದೂ ಸಲ್ಲ. ಬಾಯಿ ಅಗಲವಿರುವ ಡಬ್ಬಿಯೇ ಬೇಕು: ಇಕ್ಕಟ್ಟು ಬಾಯಿಯ ಬಾಟಲಿಗೆ ಮೆತ್ತಗಿದ್ದಾಗ ತುರುಕಿದ ತುಂಡು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ. ತಲೆಯ ಕಡೆಯ ಅಂಚಿಗೆ ಒಂದು ದಾರದ ಗುರುತು, ಅಂಚಿಗೆಲ್ಲ ಇಂಕ್ ಹಚ್ಚಿದರೆ ರೋಗ ಯಾವ ಕಡೆ ಉಳಿದಿದೆ ಎಂದು ಪೆಥಾಲಜಿಸ್ಟ್ ಹೇಳಬಲ್ಲರು.

ಮನೆಗೆ ಬಂದ ಮೇಲೆ

ಪೂರ್ತಿ ಎಚ್ಚರವಾಗುವವರೆಗೆ ಊಟ ಬೇಡ, ಮೊದಲು ಎರಡು ಗುಟುಕು ನೀರು. ಒಂದು ಗಂಟೆ ವಾಂತಿಯಾಗದಿದ್ದರೆ ಮಾಮೂಲಿ ಊಟದ ಕಾಲು ಭಾಗ ಮೊಸರನ್ನ ಅಥವಾ ಬೇಯಿಸಿದ ಕೋಳಿ–ಅನ್ನ. ಗಾಯದ ಸುತ್ತ ನೀಲಿಗಟ್ಟುವುದು, ಸ್ವಲ್ಪ ಊತ ಸಹಜ. ಮಾಸ್ಟ್ ಸೆಲ್ ತೆಗೆದ ಜಾಗದಲ್ಲಿ ಇವು ಹೆಚ್ಚೇ ಇರುತ್ತವೆ. ವಸಡು ಬೆಳ್ಳಗಾದರೆ, ಬಟ್ಟೆ ನೆನೆಯುವಷ್ಟು ರಕ್ತ ಬಂದರೆ, ಮೈಬಿಸಿ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಕಪ್ಪು ಮಲ ಬಂದರೆ ರಾತ್ರಿಯಾದರೂ ಫೋನ್ ಮಾಡಿ. ಅದಕ್ಕಾಗಿ ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರ್ ಮೊದಲೇ ಸೇವ್ ಮಾಡಿಟ್ಟುಕೊಂಡಿರಿ. ಹೊಲಿಗೆ 10ರಿಂದ 14ನೇ ದಿನ ಬಿಚ್ಚುತ್ತಾರೆ. ಅಲ್ಲಿಯವರೆಗೆ ಮೆಟ್ಟಿಲು, ಸೋಫಾ ಹತ್ತುವುದು, ಬೇರೆ ನಾಯಿಗಳ ಜೊತೆ ಕುಸ್ತಿ ಬಂದ್.

ರಿಪೋರ್ಟ್ ಬಂದಾಗ ಎರಡು ಸಾಲು ಹುಡುಕಿ. ಒಂದು ಗ್ರೇಡ್, ಅಂದರೆ ರೋಗ ಎಷ್ಟು ಉಗ್ರ ಎಂಬುದು: ಮಾಸ್ಟ್ ಸೆಲ್‌ಗೆ 1984ರ ಪಟ್ನಾಯಕ್ ಪದ್ಧತಿಯಲ್ಲಿ 1ರಿಂದ 3, 2011ರ ಕ್ಯೂಪೆಲ್ ಪದ್ಧತಿಯಲ್ಲಿ ಲೋ ಅಥವಾ ಹೈ. ಇನ್ನೊಂದು ಅಂಚು: ರೋಗಕ್ಕೂ ಕುಯ್ದ ಅಂಚಿಗೂ ಎಷ್ಟು ಮಿಲಿಮೀಟರ್ ಅಂತರ ಎಂದು ಬರೆದಿರಬೇಕು. ಬರೆದಿಲ್ಲವಾದರೆ ಲ್ಯಾಬಿಗೆ ಫೋನ್ ಮಾಡಿ ಕೇಳಿಸಿ. ಅಂಚಿನಲ್ಲಿ ರೋಗ ಉಳಿದಿದೆ ಎಂದಿದ್ದರೆ, ಗಡ್ಡೆ ಮತ್ತೆ ಕೈಗೆ ಸಿಗಲಿ ಎಂದು ಕಾಯದೆ, ಹೊಲಿಗೆ ಬಿಚ್ಚಿಸಲು ಹೋದ ದಿನವೇ ಎರಡನೇ ಆಪರೇಷನ್ ಬೇಕೋ, ಔಷಧಿ ಸಾಕೋ ಎಂದು ಸರ್ಜನ್ ಜೊತೆ ಕೂತು ಮಾತಾಡಿ.